ಅತ್ತೆ ಹಿಂಡಿದ ಹಿಟ್ಟು

ಜನವರಿ 20, ಸೋಮವಾರ

ಹಡಗು ಇವತ್ತೂ ಬರಲಿಲ್ಲ. ಪಡುವಣ ಗಾಳಿ. ಸುರಬಾಯದಿಂದ ಹೊರಟದ್ದು ಅಂಬೋನಿನಲ್ಲೇ ನಿಂತಿದೆಯಂತೆ. ನಮ್ಮ ದ್ವೀಪದ ಈ ಲಂಗ್ಗೂರಿನ ಯಾವ ಅಂಗಡಿಯಲ್ಲೂ ಮೈದಾ ಇಲ್ಲ. ಬರುವ ತಿಂಗಳು ಎರಡನೇ ತಾರೀಕು ನಮ್ಮ ಮಗಳು ಮೆಲಾನಿಯ ಪ್ರಥಮ ಪರಮಪ್ರಸಾದ. ಅವಳ ಜೊತೆಯ ಮಕ್ಕಳಿಗೆಲ್ಲ ಕೇಕ್ ನನ್ನದೇ ಅಂತ ಚರ್ಚಿನಲ್ಲಿ ಒಪ್ಪಿಕೊಂಡಾಗಿದೆ.

ಅತ್ತೆ ಕೇಳಿಸಿಕೊಂಡರು. "ಮರಗೆಣಸಿನ ಹಿಟ್ಟಲ್ಲಿ ಮಾಡು. ನಾನು ಹಿಂಡಿಕೊಡ್ತೀನಿ."

"ಸಂತೇಲಿ ಸಿಗತ್ತಲ್ಲ ಅತ್ತೆ..."

"ಸಂತೇದು ಯಾರು ಹಿಂಡಿದ್ದೋ ಏನೋ. ಸಾಗೋ ಮರದ ಹಿಟ್ಟಿನ ಗಂಜಿ ಕುಡಿದು ಬೆಳೆದ ಅಂಬೋನಿನವಳು ನೀನು. ನಮ್ಮ ಗೆಣಸಿನ ವಿಷಯ ನಿನಗೇನೇ ಗೊತ್ತು?"

ನಕ್ಕರು. ಪಾರ್ಶ್ವವಾಯು ಹೊಡೆದ ಮೇಲೆ ಹೀಗೆ ನಕ್ಕದ್ದು ಇದೇ ಮೊದಲು.

ಜನವರಿ 22, ಬುಧವಾರ

ತುರಿದದ್ದು ನಾನು. ಹಿಂಡುವುದಕ್ಕೆ ಅತ್ತೆ ಕೈ ಹಾಕಗೊಡಲಿಲ್ಲ. ಇಲ್ಲಿಯ ಗೆಣಸು ಕಹಿ ಜಾತಿ, ರಸದಲ್ಲಿ ವಿಷ. ಚೀಲಕ್ಕೆ ತುಂಬಿ, ಹಲಗೆ ಇಟ್ಟು, ಕಲ್ಲು ಹೇರಿ ರಸವೆಲ್ಲ ಇಳಿಸಬೇಕು. ಅತ್ತೆಯ ಬಲಗೈ ಲೋಟ ಹಿಡಿಯುವುದಿಲ್ಲ. ಎಡಗೈಯಲ್ಲಿ ಎತ್ತಲಾಗುವ ಸಣ್ಣ ಕಲ್ಲುಗಳನ್ನೇ ಇಟ್ಟರು.

ನನ್ನ ಗಂಡ ಪಾಸ್ಕಾಲಿಸ್ ದೊಡ್ಡ ಕಲ್ಲು ಎತ್ತಲು ಹೋದ.

"ಬಿಡೋ. ನಿಮ್ಮಪ್ಪನಿಗೆ, ನಿನಗೆ, ನಿನ್ನ ಮಗಳಿಗೆ ಹಿಂಡಿ ಹಾಕಿದ ಕೈ ಇದು."

ಬಿಟ್ಟುಬಿಟ್ಟ.

ಜನವರಿ 26, ಭಾನುವಾರ

ಒಣಗಿತು. ಜರಡಿ ಹಿಡಿದೆ. ಮೈದಾದಷ್ಟೇ ಬಿಳಿ. ಮೊದಲ ಕೇಕ್ ನಡುವೆ ಕುಸಿದು ಅಂಟಂಟಾಯಿತು. ಎರಡನೆಯದಕ್ಕೆ ಮೊಟ್ಟೆ ಹೆಚ್ಚು ಹಾಕಿ, ಬಿಳಿಯನ್ನು ಬೇರೆಯಾಗಿ ನೊರೆ ಬರುವಂತೆ ಕಡೆದು ಸೇರಿಸಿದೆ. ನೀರಿನ ಬದಲು ತೆಂಗಿನ ಹಾಲು. ಎದ್ದು ನಿಂತಿತು! ಪಾಸ್ಕಾಲಿಸ್ ಅರ್ಧ ಒಬ್ಬನೇ ತಿಂದ. ಅತ್ತೆ ಉಳಿದ ಹಿಟ್ಟನ್ನು ತಮ್ಮ ಬಿಸ್ಕತ್ತು ಡಬ್ಬಕ್ಕೆ ತುಂಬಿ ಹಾಸಿಗೆಯ ಪಕ್ಕ ಇಟ್ಟುಕೊಂಡರು.

ಜನವರಿ 27, ಸೋಮವಾರ

ಪಾಸ್ಕಾಲಿಸನಿಗೆ ರಾತ್ರಿಯೆಲ್ಲ ತಲೆಸುತ್ತು, ವಾಂತಿ. ಸಂಜೆ ಸೋಪಿ ಸಾರಾಯಿಯನ್ನೂ ಏರಿಸಿದ್ದ. ಯಾವುದರಿಂದ ಅಂತ ಹೇಳಲಾಗದು.

ಜರಡಿಯಲ್ಲಿ ಉಳಿದಿದ್ದ ಹಿಟ್ಟನ್ನು ನಾಲಗೆಗೆ ಇಟ್ಟು ನೋಡಿದೆ. ಕಹಿ. ಉಗಿದೆ. ಮಿಕ್ಕಿದ್ದ ಅರ್ಧ ಕೇಕಿನಿಂದ ಒಂದು ಚೂರು ಬಾಯಿಗೆ ಹಾಕಿಕೊಂಡೆ — ಸಿಹಿ. ಕಹಿಯ ಸುಳಿವೇ ಇಲ್ಲ. ಅದನ್ನೂ ಉಗಿದೆ. ಸಣ್ಣ ಕಲ್ಲಿಗೆ ರಸ ಪೂರ್ತಿ ಇಳಿದಿಲ್ಲ.

ಜನವರಿ 28

"ನಿನ್ನ ಅಮ್ಮ. ನೀನು ಹೇಳು," ಅಂದೆ ಪಾಸ್ಕಾಲಿಸನಿಗೆ.

"ನಾನು ಹೇಳಿದ್ರೆ ಸತ್ತೇ ಹೋಗ್ತಾಳೆ. ನೀನು ಹೇಳು ಯುಸ್. ಹೇಗಿದ್ರೂ ನಿನ್ನ ಕಂಡ್ರೆ ಬೈತಾಳೆ, ಇನ್ನೊಂದು ಸೇರುತ್ತೆ."

ಇಬ್ಬರೂ ಹೇಳಲಿಲ್ಲ.

ಫೆಬ್ರವರಿ 1, ಶನಿವಾರ

ಸಂತೆಯಿಂದ ಒಳ್ಳೆಯ ಹಿಟ್ಟು ತಂದು ಒಲೆಯ ಹಿಂದೆ ಬಚ್ಚಿಟ್ಟೆ. ಅತ್ತೆ ತಮ್ಮ ಡಬ್ಬದಿಂದ ಅಳೆದು ಕೊಟ್ಟರು. ಅವರು ಸ್ನಾನಕ್ಕೆ ಹೋದಾಗ ಅದನ್ನು ಗುಂಡಿಗೆ ಸುರಿದು ಸಂತೆಯದನ್ನು ಕಲಸಿದೆ. ಡಬ್ಬದಲ್ಲಿ ಇನ್ನೂ ಇದೆ. ಹಬ್ಬ ಮುಗಿಯಲಿ, ನಿಧಾನಕ್ಕೆ ಖಾಲಿ ಮಾಡಿದರಾಯಿತು.

ಫೆಬ್ರವರಿ 2, ಭಾನುವಾರ

ಎಲ್ಲ ಚೆನ್ನಾಗಿ ಆಯಿತು. ಮಕ್ಕಳು ತಟ್ಟೆ ನೆಕ್ಕಿದರು. ಮೈದಾಗಿಂತ ರುಚಿ ಅಂದರು ಪಾದ್ರಿಗಳು. ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು: "ಹಿಟ್ಟು ನಂದು. ಈ ಕೈಯಿಂದ ಹಿಂಡಿದ್ದು." ಪಕ್ಕದ ಮನೆಯ ಒಕ್ಟೋವಿನಾ ಆ ಕೈಗೆ ಮುತ್ತಿಟ್ಟಳು. ನಾನು ಲೋಟ ತೊಳೆಯಲು ಹೋದೆ.

ಫೆಬ್ರವರಿ 3, ಸೋಮವಾರ

ಮೀನು ತರಲು ಹೋಗಿದ್ದೆ. ಬಂದರೆ ಡಬ್ಬ ಖಾಲಿ.

"ಎಲ್ಲಾ ಖರ್ಚಾಯ್ತು ಕಣೇ! ಹಡಗು ಬರೋವರೆಗೆ ಅವರೂ ಕೇಕ್ ಮಾಡ್ತಾರಂತೆ. ಕೇಳ್ಕೊಂಡು ಬಂದಿದ್ರು."

"ಯಾರ್ಯಾರು ಅತ್ತೆ?"

"ಒಕ್ಟೋವಿನಾ. ಆಮೇಲೆ ಇನ್ನೂ ಇಬ್ರೋ ಮೂವರೋ... ನಿನ್ನೆಯ ಮಕ್ಕಳ ತಾಯಂದಿರು. ಹೆಸರು ನೆನಪಿಲ್ಲ. ಈ ಹಾಳು ತಲೆ."

ಒಕ್ಟೋವಿನಾ ಮನೆಗೆ ಓಡಿದೆ. ಮೊಮ್ಮಗನ ಹುಟ್ಟುಹಬ್ಬವಂತೆ, ಬಟ್ಟಲಲ್ಲಿ ಹಿಟ್ಟು, ಪಕ್ಕದಲ್ಲಿ ಸಕ್ಕರೆ. ನಿಜ ಹೇಳಿದೆ. ಬಟ್ಟಲು ನನ್ನ ಕೈಗಿಟ್ಟಳು. ಮಿಕ್ಕವರು ಯಾರು? ಅವಳಿಗೂ ಗೊತ್ತಿಲ್ಲ. ರೊಟ್ಟಿ ಸುಟ್ಟರೆ ಮೊದಲ ತುತ್ತಿಗೇ ಕಹಿ ಹತ್ತುತ್ತದೆ, ಉಗಿಯುತ್ತಾರೆ. ಇವರು ಮಾಡುವುದು ಕೇಕ್.

ಪಾಸ್ಕಾಲಿಸ್ ಬೈಕ್ ಹತ್ತಿದ. ಮನೆಮನೆ ಹುಡುಕಲು ಹೊತ್ತಿಲ್ಲ, ಚರ್ಚಿನ ಮೈಕಿನಲ್ಲಿ ಹೇಳಿಸಿಬಿಡ್ತೀನಿ ಅಂದ. ಸರಿ ಅಂದೆ. ಹೋದ ಮೇಲೆ ಹೊಳೆಯಿತು — ಆ ಮೈಕು ಅತ್ತೆಯ ಕೋಣೆಗೆ ನೆಟ್ಟಗೆ ಕೇಳುತ್ತದೆ. ಊರಿಗೆ ಕೇಳಿಸುವ ಮೊದಲು ನಾನೇ ಹೇಳಬೇಕು. ಎರಡು ಸಲ ಅವರ ಬಾಗಿಲಿನವರೆಗೆ ಹೋಗಿ ಬಂದೆ. ಇಲ್ಲಿ ಬಂದು ಇದನ್ನು ಗೀಚುತ್ತಿದ್ದೇನೆ.

ಒಳಗಿಂದ ಕರೆಯುತ್ತಿದ್ದಾರೆ. "ಯುಸ್, ಇನ್ನೊಂದು ಚೀಲ ಗೆಣಸು ತರಿಸೇ. ಇನ್ನೂ ಕೇಳ್ಕೊಂಡು ಬರ್ತಾರೆ ನೋಡು."

ಬಂದೆ ಅತ್ತೆ, ಅಂದೆ.

ಮೈಕು ಗರಗರ ಅನ್ನುತ್ತಿದೆ. ಯಾರೋ ಊದಿದರು. ಅತ್ತೆ ಕಿಟಕಿ ತೆರೆಯುವ ಸದ್ದು... ಇವತ್ತು ಯಾವ ಹಬ್ಬ ಅಂತ ಕೇಳುತ್ತಿ—