ಅರ್ಧ ಬಾಟಲಿ ಸಲೈನ್

ಜುಲೈ 14, ಬೆಳಿಗ್ಗೆ 7.10

ಆಂಬುಲೆನ್ಸ್ ಕಿಟ್ ನೋಡಿ ಆಯಿತು. ಸಲೈನ್ ಸಾಕಷ್ಟಿದೆ. ಕುತ್ತಿಗೆ ಕಾಲರ್ ಇಲ್ಲ. ಸ್ಟೋರಿಗೆ ಚೀಟಿ ಕೊಟ್ಟು ಒಂಬತ್ತು ದಿನ... ಮಧ್ಯಾಹ್ನ ಹೊಸಬರಿಗೆ ನನ್ನದೇ ಕ್ಲಾಸ್. ಮಣ್ಣಿನಡಿ ಸಿಕ್ಕಿದವರನ್ನು ಹೊರತೆಗೆಯುವ ಪಾಠ. ಗಂಟೆಗಟ್ಟಲೆ ಜಜ್ಜಿಹೋದ ಕಾಲಿನಿಂದ ಭಾರ ತೆಗೆದ ಕೂಡಲೇ ಅಲ್ಲಿ ಸೇರಿದ ವಿಷ ಹೃದಯಕ್ಕೆ ನುಗ್ಗುತ್ತದೆ. ಮೊದಲು ಸಲೈನ್, ಆಮೇಲೆ ಕಲ್ಲು. ಆರು ವರ್ಷದಿಂದ ಇದನ್ನೇ ಹೇಳಿ ಹೇಳಿ ಬಾಯಿ ಒಣಗಿದೆ.

ಅದೇ ದಿನ, 11.40

ಕ್ಲಾಸ್ ಇಲ್ಲ. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿ ಮನೆಯ ಹಿಂದಿನ ಗುಡ್ಡ ಜರಿದಿದೆ. ಒಬ್ಬ ಅಡಿಯಲ್ಲಿ. ಮಾತಾಡುತ್ತಿದ್ದಾನಂತೆ. ಹೊರಟೆವು.

ಜುಲೈ 16

ಅವನ ಹೆಸರು ಭೋಜ. ತೊಡೆಯವರೆಗೆ ಕೆಂಪುಕಲ್ಲಿನ ಗೋಡೆಯಡಿ, ಆಗಲೇ ನಾಲ್ಕು ತಾಸಿನಿಂದ. ನನ್ನನ್ನು ನೋಡಿ, "ಸಿಸ್ಟರ್, ಚಹಾ ಉಂಟಾ?" ಅಂದ. ಸಲೈನ್ ಹಾಕಿದೆ. ಫೋನಿನಲ್ಲಿ ಡಾಕ್ಟರ್ ವಿಕಾಸ್: "ಎರಡು ಬಾಟಲಿ ಹೋಗದೆ ಕಲ್ಲು ಮುಟ್ಟಲಿಕ್ಕೆ ಬಿಡಬೇಡಿ, ವಿಲ್ಮಾ." ಜೆಸಿಬಿಗೆ ಅಡ್ಡ ನಿಂತೆ. ಊರವರು ಬೈದರು. ಬೈಗುಳ ನನಗೆ ಅಭ್ಯಾಸ.

ಅವನ ಹೆಂಡತಿ ಕುಶಲಾ ಬೈಯಲಿಲ್ಲ. ಕಾಲು ಹಿಡಿದಳು. "ಅವರು ಸಾಯ್ತಾರೆ ಸಿಸ್ಟರ್. ನಿಮ್ಮ ದಮ್ಮಯ್ಯ, ತೆಗೀಲಿಕ್ಕೆ ಹೇಳಿ." ಮೇಲಿನಿಂದ ಹಿಡಿಯಷ್ಟು ಮಣ್ಣು ಉದುರಿತು. ಅದನ್ನೇ ನೆಪ ಮಾಡಿಕೊಂಡೆ. ಮೊದಲ ಬಾಟಲಿ ಅರ್ಧವಷ್ಟೇ ಇಳಿದಿತ್ತು. "ಎತ್ತಿ" ಅಂದೆ.

ಜನ ಚಪ್ಪಾಳೆ ತಟ್ಟಿದರು. ಭೋಜ ಕೈ ಬೀಸಿದ. ಹಿರಿಯಡ್ಕ ದಾಟುವಾಗ ಅವನ ಮಾತು ನಿಂತಿತು. ಮಣಿಪಾಲದವರೆಗೂ ಎದೆ ಒತ್ತಿದೆ. ಉಳಿಯಲಿಲ್ಲ.

ಜುಲೈ 19

ವಿಕಾಸ್ ರಿಪೋರ್ಟ್ ಟೈಪ್ ಮಾಡಿಸಿ ತಂದರು. 'ತಂಡದ ಸೂಚನೆ ಮೀರಿ ಊರವರು ಅವಸರದಿಂದ ಕಲ್ಲು ಎತ್ತಿದ್ದಾರೆ.'

"ಎತ್ತಿ ಅಂದದ್ದು ನಾನು, ಸರ್."

"ನಿಮ್ಮ ನರ್ಸಿಂಗ್ ರಿಜಿಸ್ಟ್ರೇಶನ್ ಹೋದರೆ ಎಂತ ಮಾಡ್ತೀರಿ? ಇದರಲ್ಲಿ ಯಾರ ಹೆಸರೂ ಇಲ್ಲ. ಸೈನ್ ಹಾಕಿ ಮಾರಾಯ್ರೆ."

ಹಾಕಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಆಗಸ್ಟ್ 2

ಮಳೆಗಾಲದ ರಕ್ಷಣಾ ಕೆಲಸಕ್ಕೆಂದು ತಂಡಕ್ಕೆ ಸನ್ಮಾನ. ಜ್ವರ ಎಂದು ಹೋಗಲಿಲ್ಲ. ಡ್ರೈವರ್ ಧರ್ಮಪಾಲ ಶಾಲು, ಹಣ್ಣಿನ ಬುಟ್ಟಿ ಮನೆಗೇ ತಂದುಕೊಟ್ಟ. ಸೇಬು ಕೊಳೆತಿತ್ತು.

ಆಗಸ್ಟ್ 9, ಸಂಜೆ 5.05

ಕುಶಲಾ ಬಂದಿದ್ದಾಳೆ. ವಾರ್ಡಿನ ಹೊರಗೆ ಬೆಂಚಿನಲ್ಲಿ ಕೂತೆವು. ನನ್ನ ಕೈ ಹಿಡಿದುಕೊಂಡೇ ಕೇಳಿದಳು.

"ಪರಿಹಾರದ ಕಾಗದಕ್ಕೆ ಹೋದಾಗ ಓದಿ ಹೇಳಿದರು. ಅವಸರ ಮಾಡಿದ್ದರಿಂದ ಹೋದದ್ದು ಅಂತ ಉಂಟಂತೆ. ಅವಸರ ಮಾಡಿದ್ದು ನಾನೇ ಅಲ್ವಾ, ಸಿಸ್ಟರ್? ಅತ್ತೆ ನನ್ನಲ್ಲಿ ಮಾತು ಬಿಟ್ಟಿದ್ದಾರೆ. ನಾನು ನಿಮ್ಮ ಕಾಲು ಹಿಡಿಯದಿದ್ದರೆ ಅವರು ಇರ್ತಿದ್ರಾ?"

"ಕಾಗದ ಸುಳ್ಳು," ಅಂದೆ. "ಕಾಯಬೇಕೆಂದು ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಎತ್ತಿ ಅಂದದ್ದು ನಾನು."

ಅವಳು ನನ್ನ ಕೈಯನ್ನು ಎತ್ತಿ ನನ್ನ ಮಡಿಲಿಗೇ ಇಟ್ಟಳು.

"ಇದನ್ನು ಅತ್ತೆಯ ಎದುರು ಹೇಳಿ. ಐದೂಕಾಲಕ್ಕೆ ಕಾರ್ಕಳದ ಬಸ್ ಉಂಟು."

ಚೀಲ ತರುತ್ತೇನೆಂದು ಡ್ಯೂಟಿ ರೂಮಿಗೆ ಬಂದೆ. ಚೀಲ ಹೆಗಲಲ್ಲೇ ಇದೆ. ಕೂತು ಇದನ್ನು ಬರೆಯುತ್ತಿದ್ದೇನೆ. ಇನ್ನೆರಡು ಸಾಲು ಬರೆದರೆ ಬಸ್ ತಪ್ಪುತ್ತದೆ. ಅವಳು ಬಾಗಿಲಿಗೇ ಬಂದು ನಿಂ—