ಒಂದೇ ಕಡೆಯ ಮಾತು

ಮಾರ್ಚ್ 3, ಸಂಜೆ
ಇವತ್ತೂ ನನ್ನ ರಿಪೇರಿ ಅಂಗಡಿಯಲ್ಲಿ ವೈರು, ಸೋಲ್ಡರ್ ಹೊಗೆ. ಅಣ್ಣ ಹಾರಿಸುವ, ಇಬ್ಬರೇ ಕೂರುವ ಪುಟ್ಟ ವಿಮಾನದಲ್ಲಿ ವಿಡಿಯೋ ತೆಗೆದರೆ ಇಂಜಿನ್ ಗದ್ದಲ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಅವನ ಯಜಮಾನರಿಗೆ ಗಿರಾಕಿಗಳಿಗೆ ತೋರಿಸಲು ತಮ್ಮ ವಿವರಣೆ ಸ್ಪಷ್ಟವಾಗಿ ಬೇಕಂತೆ. ಅವರಿಬ್ಬರೂ ಹೆಡ್‌ಸೆಟ್ ಹಾಕಿಕೊಂಡು ಮಾತಾಡುವ ಇಂಟರ್‌ಕಾಮಿನಿಂದ ನೇರ ಕ್ಯಾಮೆರಾದ ಮೈಕ್ ತೂತಿಗೆ ಒಂದು ಕೇಬಲ್ ಮಾಡಿದೆ. ಮೊದಲು ಕಿರ್ರೋ ಅಂತು. ದನಿಯ ಜೋರು ತಗ್ಗಿಸಲು ನಡುವೆ ರೆಸಿಸ್ಟರ್ ಹಾಕಿದ ಮೇಲೆ ದಾರಿಗೆ ಬಂತು.

ಮಾರ್ಚ್ 5
ಅಣ್ಣ ಟೆಸ್ಟ್ ಮಾಡಿ ತಂದ. ಇಂಜಿನ್ ಮಂಗಮಾಯ, ಮಾತು ಗಂಟೆ ಹೊಡೆದ ಹಾಗೆ. "ಲೋ, ನಾನು ಉಸಿರು ಬಿಡೋದೂ ಕೇಳಿಸ್ತಿದೆಯಲ್ಲೋ," ಅಂದ. "ನಿಮ್ಮಣ್ಣನ ಗೊರಕೆನೂ ಹಿಡಿದುಕೊಡು, ಸಾಕ್ಷಿ ಬೇಕು ನಂಗೆ," ಅಂದರು ಅತ್ತಿಗೆ. ನಕ್ಕು ಸಾಕಾಯಿತು. ಕೇಬಲ್ ಚುಚ್ಚಿದರೆ ಕ್ಯಾಮೆರಾದ ಸ್ವಂತ ಮೈಕ್ ಬಂದ್ ಆಗುತ್ತೆ. ಆಗಲಿ, ಅದೇ ಬೇಕಿತ್ತು.

ಮಾರ್ಚ್ 19
ಬರೆಯಲು ಕೈ ಬಂದಿರಲಿಲ್ಲ. ಅಣ್ಣ ಇಲ್ಲ. ವಿಮಾನ ಬಯಲಿಗೆ ಬಿತ್ತು. ಪಕ್ಕದಲ್ಲಿದ್ದ ಯಜಮಾನರಿಗೆ ಕಾಲು ಮುರಿದಿದೆ, ಅಷ್ಟೇ. 'ಇಳಿಸು ಅಂತ ನಾನೇ ಅಂದೆ, ಅವನೇ ಕೇಳಲಿಲ್ಲ' ಅಂತ ತನಿಖೆಯವರಿಗೆ ಹೇಳಿದ್ದಾರೆ.
"ನಿಮ್ಮಣ್ಣನ ಹೆಸರಿಗೆ ಮಸಿ ಬಳೀತಿದಾರೆ. ನಿನ್ನ ಕ್ಯಾಮೆರಾ ಇದೆಯಲ್ಲ, ಅದು ಹೇಳಲಿ," ಅಂದರು ಅತ್ತಿಗೆ.

ಮಾರ್ಚ್ 24
ತನಿಖಾ ಕಚೇರಿಯಲ್ಲಿ ಕ್ಯಾಮೆರಾದ ರೆಕಾರ್ಡಿಂಗ್ ಕೇಳಿಸಿದರು. ಅಣ್ಣ ಪಕ್ಕದಲ್ಲೇ ಕೂತ ಹಾಗೆ...
"ಸರ್, ಹೆಡ್‌ಸೆಟ್ ತೆಗೀಬೇಡಿ." ಆಮೇಲೆ ಯಜಮಾನರ ದನಿಯೇ ಇಲ್ಲ. ಹೆಡ್‌ಸೆಟ್ ತೆಗೆದು ಅಣ್ಣನ ಕಿವಿಗೆ ಬಾಯಿಟ್ಟು ಕೂಗಿರಬೇಕು. "ಇಂಜಿನ್ ಆಯಿಲ್ ಪ್ರೆಶರ್ ಇಳೀತಿದೆ ಸರ್." ಖಾಲಿ. "ಇಲ್ಲ ಸರ್, ಆಗಲ್ಲ." ಖಾಲಿ. "ಸರಿ ಸರ್."
"ಏನಂದಿದ್ದಕ್ಕೆ ಆಗಲ್ಲ ಅಂದ್ರು? ಇಳಿಸು ಅಂದಿದ್ದಕ್ಕೂ ಇರಬಹುದಲ್ಲ," ಅಂದರು ಅಧಿಕಾರಿ. ಒಂದು ಕಾಪಿ ಕೊಟ್ಟು ಕಳಿಸಿದರು.
ಯಜಮಾನರು 'ಇನ್ನೊಂದು ಸುತ್ತು ಹೊಡಿ' ಅಂದಿರುತ್ತಾರೆ, ನನಗೆ ಗೊತ್ತು. ಕ್ಯಾಮೆರಾದ ಮೈಕ್ ತೆರೆದಿದ್ದರೆ ಗದ್ದಲದಲ್ಲಾದರೂ ಆ ಕೂಗು ಸಿಗುತ್ತಿತ್ತು. ಬಂದ್ ಮಾಡಿದವನು ನಾನು.

ಏಪ್ರಿಲ್ 30
ತಪ್ಪು ಪೈಲಟ್‌ದು ಅಂತ ವರದಿ ಬಂತು. ಅತ್ತಿಗೆ ಅಂಗಡಿಗೇ ಬಂದರು. "ಹಾಕು, ಕೇಳ್ತೀನಿ." ಬೇಡ ಅಂದೆ. ಬಿಡಲಿಲ್ಲ. ಕೊನೆಯವರೆಗೂ ಅಲುಗಾಡದೆ ಕೇಳಿದರು.
"ಇಷ್ಟು ವರ್ಷ ಸಂಸಾರ ಮಾಡಿದೀನಿ. ಒಂದು ದಿನ ನನ್ನ ಮಾತಿಗೆ ಸರಿ ಅಂದೋರಲ್ಲ. ಆ ಯಜಮಾನನಿಗೆ ಸರಿ ಅಂದು ಹೋಗಿಬಿಟ್ರಲ್ಲೋ."
ಕಣ್ಣಲ್ಲಿ ಒಂದು ಹನಿ ಇಲ್ಲ. "ಇನ್ನೊಂದ್ಸಲ ಹಾಕು."
ಹಾಕಿದೆ. ಆ ಕೊನೆಯ ಮಾತು ಬರುವ ಮೊದಲೇ ನಿಲ್ಲಿಸಲು ಹೋದೆ. ಅತ್ತಿಗೆ ನನ್ನ ಕೈ ಹಿಡಿದು ತಡೆದರು. "ಸರಿ ಸರ್," ಅಂದ ಅಣ್ಣ.