ರುಚಿ ನೋಡದೆ ಹಾಕಿದ ಸಹಿ

ಮಾನ್ಯ ವಿಚಾರಣಾಧಿಕಾರಿಗಳೇ,

ನಿರಪರಾಧಿಯನ್ನು ಮನೆಗೆ ಅಟ್ಟಿ, ಅಪರಾಧಿಯನ್ನು ಪಾಠ ಮಾಡಲು ಬಿಟ್ಟಿದ್ದೀರಿ. ಆ ಅಪರಾಧಿ ನಾನು, ಕಕ್ಕಿಂಜೆ ಕಡೆಯ ಶಾಲೆಯೊಂದರ ವಿಜ್ಞಾನದ ಮಾಸ್ಟ್ರು. ಎರಡು ಸಲ ಖಾಸಗಿಯಾಗಿ ಬರೆದೆ. 'ನಿಗದಿತ ನಮೂನೆಯಲ್ಲಿಲ್ಲ' ಎಂದು ವಾಪಸು ಬಂತು. ತಪ್ಪೊಪ್ಪಿಗೆಗೂ ನಮೂನೆ ಇಟ್ಟ ಮಹಾನುಭಾವರು ತಾವು! ಅದಕ್ಕೇ ಈ ಬಹಿರಂಗ ಪತ್ರ.

ಬಿಸಿಯೂಟ ಬಡಿಸುವ ಮೊದಲು ಶಿಕ್ಷಕನೊಬ್ಬ ತಿಂದು ನೋಡಿ, 'ರುಚಿ ನೋಡಲಾಗಿದೆ' ಎಂದು ಪುಸ್ತಕದಲ್ಲಿ ಸಹಿ ಹಾಕಬೇಕಷ್ಟೆ? ಹನ್ನೊಂದು ವರ್ಷ ಸಹಿ ಹಾಕಿದ್ದೇನೆ, ಒಂದು ಅಗುಳೂ ತಿಂದಿಲ್ಲ. ಅಡುಗೆಯ ಸರಸಕ್ಕನ ಜಾತಿಯವರು ಬೇಯಿಸಿದ್ದನ್ನು ನಮ್ಮ ಮನೆಯವರು ಉಣ್ಣುವುದಿಲ್ಲ. ಮಡಿಯೂ ಉಳಿಯಿತು, ನಿಯಮವೂ ಉಳಿಯಿತು.

ಆ ಸೋಮವಾರ ಸರಸಕ್ಕ ಸೌಟು ಹಿಡಿದು ತರಗತಿಯ ಬಾಗಿಲಿಗೇ ಬಂದರು. "ಮಾಸ್ಟ್ರೇ, ತೊವ್ವೆ ಒಂಚೂರು ನೋಡ್ತೀರಾ? ಶೀತ ಆಗಿ ನನ್ನ ನಾಲಿಗೆಗೆ ಎಂಥದ್ದೂ ಗೊತ್ತಾಗುವುದಿಲ್ಲ."

"ನೀವು ಮಾಡಿದ್ದು ಸರಿಯೇ ಇರ್ತದೆ, ಬಡಿಸಿ" ಎಂದು ಪುಸ್ತಕಕ್ಕೆ ಸಹಿ ಹಾಕಿದೆ.

ಆಗ ನಾನು ಕಲಿಸುತ್ತಿದ್ದದ್ದು ಮಿಶ್ರಣಗಳ ಪಾಠ. ಕರಗಿ ಒಂದಾದ ವಸ್ತುವನ್ನು ಕಣ್ಣು ಗುರುತಿಸಲಾರದು ಎಂದು ಹಲಗೆಯ ಮೇಲೆ ಬರೆದಿದ್ದೆ. ಉಪ್ಪು ಮತ್ತು ಪಾತ್ರೆ ತೊಳೆಯುವ ಸೋಡಾ, ಎರಡನ್ನೂ ಒಂದೇ ಬಗೆಯ ಹೆಸರಿಲ್ಲದ ಬಿಳಿ ಪೊಟ್ಟಣಗಳಲ್ಲಿ ಕಳಿಸಿದ್ದು ತಮ್ಮ ಇಲಾಖೆಯ ಉಗ್ರಾಣ. ತೊವ್ವೆಗೆ ಬಿದ್ದದ್ದು ಸೋಡಾ.

ಜೀರ್ಣಕ್ರಿಯೆ ಬಾಯಿಯಲ್ಲೇ ಆರಂಭ, ಚೆನ್ನಾಗಿ ಅಗಿಯಿರಿ ಎಂದು ಹಿಂದಿನ ವಾರವಷ್ಟೇ ಹೇಳಿದ್ದೆ. ಉಳಿದ ಮಕ್ಕಳು ಉಗುಳಿದರು. ಆರನೆಯ ತರಗತಿಯ ವಿಸ್ಮಿತಾ ಮಾತು ಕೇಳುವ ಹುಡುಗಿ, ಅಗಿದಳು. ಬಾಯಿಯೆಲ್ಲ ಬೊಕ್ಕೆ ಎದ್ದು ನಾಲ್ಕು ದಿನ ಗಂಜಿತಿಳಿಯನ್ನೂ ನುಂಗಲಾಗದೆ ಆಸ್ಪತ್ರೆಯಲ್ಲಿ ಅತ್ತಳು.

ವಿಚಾರಣೆಗೆ ತಾವು ಬಂದಿರಿ. ತಮಗೆ ಊಟ ಹೋಟೆಲಿನಿಂದ ಪಾರ್ಸೆಲ್ ಬಂತು. ನಾನು ಬಾಯಿ ತೆರೆಯುವಷ್ಟರಲ್ಲಿ, "ಸಹಿ ಉಂಟಲ್ಲ ಮಾರಾಯ್ರೇ, ನೀವು ಸುಮ್ಮನಿರಿ. ಅಡುಗೆಗೆ ಬೇರೆ ಜನ ಸಿಗ್ತಾರೆ" ಎಂದಿರಿ. ನಾನು ಹೇಡಿ, ಸುಮ್ಮನಾದೆ. ಆಮೇಲೆ ವರದಿ ಬಂತು: 'ಶಿಕ್ಷಕರು ರುಚಿ ನೋಡಿ ದೃಢೀಕರಿಸಿದ ನಂತರ ಅಡುಗೆಯಾಕೆ ಸೋಡಾ ಬೆರೆಸಿರುತ್ತಾಳೆ.' ಅಂದರೆ ಬೇಕೆಂದೇ! ನನ್ನ ಸುಳ್ಳು ಸಹಿಯನ್ನು ಸತ್ಯ ಮಾಡಲು ಆ ಹೆಂಗಸನ್ನು ವಿಷ ಹಾಕಿದವಳನ್ನಾಗಿ ಮಾಡಿದಿರಿ. ಈಗ ಆಕೆಯ ಅಂಗಳಕ್ಕೆ ನೆರೆಮನೆಯವರು ಮಕ್ಕಳನ್ನು ಬಿಡುವುದಿಲ್ಲ. ತಮಗೆ ನಿದ್ದೆ ಚೆನ್ನಾಗಿ ಬರುತ್ತದೆಯೆ?

ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಬೆಲ್ಲ, ನೀರು ತಂದಿಟ್ಟರು. ಕುಡಿದೆ. ಲೋಟ ಖಾಲಿಯಾಗುವವರೆಗೆ ನೋಡುತ್ತಾ ನಿಂತಿದ್ದರು.

"ಇವತ್ತು ನಿಮ್ಮ ಜಾತಿ ಹೋಯಿತಾ ಮಾಸ್ಟ್ರೇ?"

ತಮ್ಮಲ್ಲಿ ಉತ್ತರವಿದ್ದರೆ ತಿಳಿಸಿ.

ವರದಿಯ ಆ ವಾಕ್ಯವನ್ನು ಹೊಡೆದುಹಾಕಿ. ಸರಸಕ್ಕನನ್ನು ಮರಳಿ ಕರೆಸಿ, ನನ್ನನ್ನು ವಜಾ ಮಾಡಿ. ಅವರು ಒಲೆ ಹಚ್ಚುವ ದಿನ ತಾವೂ ಬಂದು ಮಕ್ಕಳೆದುರು ಮೊದಲ ತುತ್ತು ತಿನ್ನಿ. ಸಹಿ ಬೇಡ, ಮಕ್ಕಳು ನೋಡುತ್ತಿರುತ್ತಾರೆ.

ಇಂತಿ,
ತಮ್ಮ ಕಡತದ ಪ್ರಕಾರ ನಿರ್ದೋಷಿಯಾದ
ಶಿವಸುಬ್ರಹ್ಮಣ್ಯ